ಅಜ್ಜಿ ಹಾರುವ ಎತ್ತರ

ಘಟನೆಗಳು ನಡೆದ ಕ್ರಮ ಹೀಗಿದೆ: ಸೋಮವಾರ ಅಳತೆ, ಮಂಗಳವಾರ ಲೆಕ್ಕ, ಬುಧವಾರ ಗುಂಡಿ, ಗುರುವಾರ ಸ್ಟೂಲುಗಳು. ಗುರುವಾರ ಸಂಜೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಕ್ರಮವನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಇದೇ ಸಂಗತಿಯನ್ನು ದೊಡ್ಡಪ್ಪ ಹೇಳುವಾಗ ಗುಂಡಿಯ ಪ್ರಸ್ತಾಪವೇ ಬರುವುದಿಲ್ಲ. ಚಿಕ್ಕಮ್ಮ ಹೇಳುವಾಗ ಗುಂಡಿಯನ್ನು ಬಿಟ್ಟು ಬೇರೇನೂ ಬರುವುದಿಲ್ಲ.

ನಮ್ಮ ಮನೆ ಮೊದಲು ಗೋದಾಮಾಗಿತ್ತು. ಒಂದೇ ಒಂದು ದೊಡ್ಡ ಹಾಲು, ಅದರ ಮೇಲೆ ಇಪ್ಪತ್ತೊಂದು ಅಡಿ ಎತ್ತರದಲ್ಲಿ ತಗಡಿನ ಮಾಡು. ಹಾಲಿನ ಒಂದು ಬದಿಗೆ ಅಡುಗೆಮನೆ, ರಸ್ತೆಯ ಬದಿಗೆ ಒಂದು ಚಿಕ್ಕ ಕೋಣೆ. ಅಜ್ಜಿಯ ಮಂಚ ಹಾಲಿನಲ್ಲಿದೆ. ಮಂಚದಿಂದ ಅಡುಗೆಮನೆಯ ಬಾಗಿಲಿಗೆ ಆರು ಅಡಿ. ಸಂಜೆ ಕೆಟಲ್ಲು ಶಿಳ್ಳೆ ಹಾಕಿದ ಕೂಡಲೇ ಅಜ್ಜಿ, ಕುಳಿತ ಭಂಗಿಯಲ್ಲಿಯೇ, ಕಾಲು ಮಡಚಿಕೊಂಡೇ ಮಂಚದಿಂದ ಮೇಲಕ್ಕೆ ಹಾರುತ್ತಾರೆ. ಗಾಳಿಯಲ್ಲಿ ಕಮಾನಿನಂತೆ ಬಾಗಿ, ಅಡುಗೆಮನೆಯ ಬಾಗಿಲಲ್ಲಿ ಇಟ್ಟಿರುವ ಮಂಚದಷ್ಟೇ ಎತ್ತರದ ಸ್ಟೂಲಿನ ಮೇಲೆ ಬಂದು ಕೂರುತ್ತಾರೆ. ಲೋಟಕ್ಕೆ ಕೈ ಚಾಚುತ್ತಾರೆ. ಇದರಲ್ಲಿ ವಿಶೇಷವೇನೂ ಇಲ್ಲ. ಕೆಲವರ ಮನೆಯಲ್ಲಿ ಹಿರಿಯರು ಗೊರಕೆ ಹೊಡೆಯುತ್ತಾರೆ.

ಅಜ್ಜಿಯದು ಒಂದೇ ಷರತ್ತು. ಅವರ ತಲೆ ಗೋಡೆಯ ಗಡಿಯಾರವನ್ನು ದಾಟಿ ಮೇಲೆ ಹೋದ ಮೇಲೆ ಯಾರೂ ನೋಡಕೂಡದು. ಮತ್ತೆ ಗಡಿಯಾರದ ಮಟ್ಟಕ್ಕೆ ಇಳಿಯುವ ತನಕ ಮನೆಮಂದಿಯೆಲ್ಲ ಕಣ್ಣು ಮುಚ್ಚಿಕೊಂಡಿರಬೇಕು. "ಮೇಲಿರುವಾಗ ಮನುಷ್ಯರಿಗೆ ಒಂದು ಮರ್ಯಾದೆ ಅಂತ ಇರುತ್ತೆ" ಎನ್ನುವುದು ಅವರ ಮಾತು.

ತೊಂದರೆ ಶುರುವಾದದ್ದು ಚಿಕ್ಕಮ್ಮನ ಹೊಲಿಗೆಯಿಂದ. ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾರೆ. ಹಾಲಿನ ನೆಲದ ಮೇಲೆಯೇ ಕತ್ತರಿಸುತ್ತಾರೆ. ಅಜ್ಜಿ ಹಾರಿದಾಗ ಏಳುವ ಗಾಳಿಗೆ ಒಬ್ಬರ ಅಂಗಿಯ ತೋಳು ಇನ್ನೊಬ್ಬರ ಕಾಲರಿನ ಜೊತೆ ಬೆರೆತುಹೋಗುತ್ತಿತ್ತು. ಕೊನೆಗೆ ಒಬ್ಬ ಗಿರಾಕಿಗೆ ಮೂರು ತೋಳಿನ ಅಂಗಿ ಹೋದ ಮೇಲೆ ಚಿಕ್ಕಮ್ಮ ಪಟ್ಟು ಹಿಡಿದರು. ಹಾಲಿಗೆ ಮರದ ಚಾವಣಿ ಹಾಕಿಸಿ, ಅದರ ಮೇಲೆ ಹೊಲಿಗೆಗೊಂದು ಕೋಣೆ ಮಾಡಬೇಕು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದ. ತಲೆ ಎತ್ತಿ ಮಾಡನ್ನು ನೋಡಿದ, ತಲೆ ಬಗ್ಗಿಸಿ ಅಜ್ಜಿಯನ್ನು ನೋಡಿದ.

"ಮೇಲಿನ ರೂಮಿಗೆ ಏಳಡಿ ಬೇಕೇ ಬೇಕು, ಹಲಗೆಗೆ ಅರ್ಧ ಅಡಿ. ಅಂದ್ರೆ ಚಾವಣಿ ಹದಿಮೂರೂವರೆಗಿಂತ ಮೇಲೆ ಹೋಗೋ ಹಾಗಿಲ್ಲ" ಎಂದ. "ಅಜ್ಜಿ ತಲೆ ಅಷ್ಟರೊಳಗೆ ಇರುತ್ತೆ ಅಂತ ನಂಬರ್ ಕೊಡಿ, ಹದಿಮೂರೂವರೆಗೇ ಹಾಕ್ತೀನಿ. ಗುರುವಾರ ಹಲಗೆ ಬರುತ್ತೆ. ಅಷ್ಟರೊಳಗೆ ನಂಬರ್ ಸಿಗಲಿಲ್ಲ ಅಂದ್ರೆ ಎಲ್ಲರ ಮನೆ ಹಾಗೆ ಹತ್ತಡಿಗೆ ಹೊಡೆದು ಹೋಗ್ತೀನಿ."

ಹತ್ತು ಅಡಿಗೆ ಚಾವಣಿ ಬಂದರೆ ಅಜ್ಜಿಯ ಹಾರಾಟ ಅಲ್ಲಿಗೆ ಮುಗಿಯಿತು. ಅದು ಎಲ್ಲರಿಗೂ ಅರ್ಥವಾಯಿತು. ಎಲ್ಲರಿಗಿಂತ ಮೊದಲು ಅಜ್ಜಿಗೆ.

"ಅಂದ್ರೆ ನಾನು ನಡೀಬೇಕಾ?"

"ಆರೇ ಅಡಿ ಅಲ್ವಾ ಅಜ್ಜಿ? ನಡೆದ್ರೆ ಏನಾಗುತ್ತೆ?"

"ಏನಾಗುತ್ತಾ? ನಿನ್ನ ಕರಣೆ ಕಿತ್ಕೊಂಡು, ಕೈಯಲ್ಲೇ ಗಾರೆ ಮೆತ್ತಪ್ಪಾ ಅಂದ್ರೆ ನಿನಗೆ ಏನಾಗುತ್ತೋ ಅದೇ ಆಗುತ್ತೆ."

ಮೇಸ್ತ್ರಿ ಕರಣೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ವಿಜ್ಞಾನದ ಪದವಿ ಮುಗಿಸಿ ಮನೆಗೆ ಬಂದ ಮೊಮ್ಮಗಳಿಗೆ ಬೇರೇನು ಕೆಲಸ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಕಣ್ಣು ತೆರೆದಿರಲು ಅವಕಾಶವಿದ್ದಷ್ಟು ಹೊತ್ತು ಕಂಡದ್ದು ಇಷ್ಟು: ಮಂಚದ ಮೇಲೆ ಕುಳಿತಾಗ ಅಜ್ಜಿಯ ನೆತ್ತಿ ನೆಲದಿಂದ ನಾಲ್ಕು ಅಡಿ. ಮಂಚದಿಂದ ಒಂದು ಅಡಿ ಮುಂದೆ ಬರುವಷ್ಟರಲ್ಲಿ ಒಂಬತ್ತು ಅಡಿ. ಅಲ್ಲಿ ಗಡಿಯಾರ, ಅಲ್ಲಿಂದಾಚೆ ಕತ್ತಲು. ಆರನೆಯ ಅಡಿಯಲ್ಲಿ, ಸ್ಟೂಲಿನ ಮೇಲೆ, ಮತ್ತೆ ನಾಲ್ಕು. ಈ ಮೂರು ಅಳತೆಗಳಿಗೂ ಹೊಂದುವ ಸೂತ್ರವನ್ನು ಅಡುಗೆಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:

ಎತ್ತರ = 4 + 6 × ದೂರ − ದೂರ × ದೂರ

ಇದು ವರ್ಗ ಸಮೀಕರಣ. ಇದರ ದಾರಿ ಪರವಲಯ. ಆದರೆ ಹೀಗೆ ಬರೆದಾಗ ಅದರ ತುತ್ತತುದಿ ಎಲ್ಲಿದೆಯೆಂಬುದು ಕಣ್ಣಿಗೆ ಬೀಳುವುದಿಲ್ಲ. ಬೆಲೆಯನ್ನು ಕದಲಿಸದೆ ಜೋಡಣೆಯನ್ನಷ್ಟೇ ಬದಲಿಸಿ, ದೂರವನ್ನೆಲ್ಲ ಒಂದು ಪೂರ್ಣ ವರ್ಗದೊಳಗೆ ಕೂಡಿಹಾಕಬೇಕು. ಆಗ ಹೊರಗೆ ಉಳಿಯುವ ಸಂಖ್ಯೆಯೇ ತುದಿಯ ಎತ್ತರ.

ಮಂಗಳವಾರ ನಾನು ಸೀಮೆಸುಣ್ಣ ಎತ್ತಿಕೊಳ್ಳುವ ಮೊದಲೇ ದೊಡ್ಡಪ್ಪ ಎತ್ತಿಕೊಂಡರು. ಇಲ್ಲಿ ದೊಡ್ಡಪ್ಪನ ಬಗ್ಗೆ ಎರಡು ಮಾತು ಅಗತ್ಯ. ಅವರು ಅಜ್ಜಿಯ ಹಿರಿಯ ಮಗ. ಇದೇ ಕಟ್ಟಡ ಗೋದಾಮಾಗಿದ್ದಾಗ ಇದರ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಆ ಕಾಲದ ನಿಯಮವೊಂದನ್ನು ಮನೆಗೂ ತಂದಿದ್ದರು: ಒಂದು ವಸ್ತು ಒಳಗೆ ಬಂದರೆ ಅಷ್ಟೇ ದೊಡ್ಡ ವಸ್ತು ಹೊರಗೆ ಹೋಗಬೇಕು. ಚಿಕ್ಕಮ್ಮ ಮದುವೆಯಾಗಿ ಈ ಮನೆಗೆ ಬಂದ ದಿನ ಅವರ ಎತ್ತರದ್ದೇ ಒಂದು ಬೀರು ಹೊರಗೆ ಹೋಯಿತು. ನಾನು ಕಾಲೇಜು ಮುಗಿಸಿ ಬಂದಾಗ ಒಂದು ಸೈಕಲ್ಲೂ ಒಂದು ಅಕ್ಕಿಮೂಟೆಯೂ ಹೋದವು. ಎರಡನ್ನೂ ಸೇರಿಸಿ ನನ್ನ ಸರಿಸಮ ಎಂದು ತೀರ್ಮಾನವಾಗಿತ್ತು.

ಹೊರಗೆ ಹೋಗಬೇಕಾದದ್ದನ್ನು ಇಡಲು ರಸ್ತೆ ಬದಿಯ ಚಿಕ್ಕ ಕೋಣೆ. ಹಳೆ ಸಾಮಾನಿನವನು ದಿನವೂ ಮಧ್ಯಾಹ್ನ ರಸ್ತೆಯ ಬಾಗಿಲಿನಿಂದ ಬಂದು ಅಲ್ಲಿದ್ದುದನ್ನು ಕೇಳದೆಯೇ ಒಯ್ಯುತ್ತಿದ್ದ. ಆದ್ದರಿಂದ ಆ ಕೋಣೆಯಲ್ಲಿ ಇಟ್ಟದ್ದು ಇಟ್ಟ ಕ್ಷಣವೇ ಮನೆಯಿಂದ ಕಳೆದಂತೆ. ಇದೂ ದೊಡ್ಡಪ್ಪನೇ ಮಾಡಿದ ನಿಯಮ.

"ವರ್ಗ ಪೂರ್ತಿ ಮಾಡೋದು ಅಂದ್ರೇನು, ಭಾವ?" ಎಂದು ಚಿಕ್ಕಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿದರು.

ದೊಡ್ಡಪ್ಪ ಸೂತ್ರವನ್ನು ತಿರುಗಿಸಿ ಬರೆದರು:

ಎತ್ತರ = −(ದೂರ × ದೂರ − 6 × ದೂರ) + 4

"ಒಂದು ಚೌಕದ ಬಟ್ಟೆ ಅಂದ್ಕೋ. ಅದರಿಂದ ಆರಡಿ ಅಗಲ ತೆಗೀಬೇಕು. ಒಂದೇ ಕಡೆ ತೆಗೆದ್ರೆ ಉಳಿದದ್ದು ಚೌಕ ಆಗಲ್ಲ. ಅದಕ್ಕೇ ಎರಡು ಬದಿಯಿಂದ ಮೂರು ಮೂರಡಿ ಪಟ್ಟಿ ತೆಗೀಬೇಕು."

"ಹಾಗೆ ತೆಗೆದ್ರೆ ಮೂಲೆ ಎರಡು ಸಲ ಲೆಕ್ಕಕ್ಕೆ ಬರುತ್ತಲ್ಲ" ಎಂದರು ಚಿಕ್ಕಮ್ಮ. "ಮೂರಕ್ಕೆ ಮೂರು, ಒಂಬತ್ತು ಚದರಡಿ. ಅದನ್ನು ಒಂದು ಸಲ ವಾಪಸ್ ಕೊಡಬೇಕು. ಇಲ್ಲಾಂದ್ರೆ ಮೂಲೇಲಿ ತೂತು."

"ಅಷ್ಟೇ! ಆ ಒಂಬತ್ತನ್ನ ಆವರಣದ ಒಳಗೆ ತಂದ್ರೆ ವರ್ಗ ಪೂರ್ತಿ. ಆದ್ರೆ ಸುಮ್ಮಸುಮ್ಮನೆ ತರೋಕಾಗುತ್ತಾ? ನಮ್ಮನೆ ರೂಲ್ ಏನು?"

"ಒಂದು ಒಳಗೆ, ಒಂದು ಹೊರಗೆ" ಎಂದು ಎಲ್ಲರೂ ಏಕಕಂಠದಿಂದ ಹೇಳಿದೆವು. ಅಭ್ಯಾಸಬಲ.

"ಒಂಬತ್ತು ಒಳಗೆ ಬಂತು. ಒಂಬತ್ತು ಹೊರಗೆ ಹೋಯ್ತು. ಹೊರಗಿದ್ದ ನಾಲ್ಕರಲ್ಲಿ ಒಂಬತ್ತು ಕಳೆದ್ರೆ ಮೈನಸ್ ಐದು. ಮುಗೀತು."

"ದೊಡ್ಡಪ್ಪ, ಆವರಣದ ಮುಂದೆ ಒಂದು ಮೈನಸ್ ಇದೆ" ಎಂದೆ.

"ಇರಲಿ ಬಿಡು. ಅದರ ಪಾಡಿಗೆ ಅದು ಇದೆ. ನಿನಗೇನಾದ್ರೂ ತೊಂದರೆ ಕೊಡ್ತಿದೆಯಾ?"

"ಕೊಡ್ತಿದೆ."

"ದೊಡ್ಡವರು ಕೂಡಿ ಕಳೀವಾಗ ಚಿಕ್ಕವರು ಬಾಯಿ ಹಾಕಬಾರದು."

ಹೀಗೆ ಅಜ್ಜಿಯ ಹಾರಾಟದ ಅತ್ಯುನ್ನತ ಬಿಂದು ನೆಲದಿಂದ ಐದು ಅಡಿ ಕೆಳಗಿದೆ ಎಂದು ಬಾಗಿಲಿನ ಮೇಲೆ ದಾಖಲಾಯಿತು.

ಮೊದಲು ಬಾಯಿ ಬಿಟ್ಟವರು ಅಜ್ಜಿ.

"ಏನೋ ಇದು? ನಾನು ಮೇಲೆ ಹೋಗ್ತೀನೋ ಕೆಳಗೆ ಹೋಗ್ತೀನೋ ನನಗೆ ಗೊತ್ತಿಲ್ವಾ?"

"ಅಮ್ಮ, ಬೇಜಾರು ಮಾಡ್ಕೋಬೇಡ. ಗಡಿಯಾರ ದಾಟಿದ ಮೇಲೆ ನಾವೆಲ್ಲ ಕಣ್ಣು ಮುಚ್ಚಿರ್ತೀವಿ. ನೀನು?"

ಗಾಳಿಗೆ ಕಣ್ಣು ಉರಿಯುತ್ತದೆಂದು ಅಜ್ಜಿಯೂ ಮುಚ್ಚಿಕೊಳ್ಳುತ್ತಿದ್ದರು.

"ಮತ್ತೆ? ಆ ಹೊತ್ತಲ್ಲಿ ನೀನು ಎಲ್ಲಿರ್ತೀಯ ಅಂತ ಕಂಡವರು ಯಾರು? ಯಾರೂ ಇಲ್ಲ. ಲೆಕ್ಕ ಒಂದೇ ಕಣ್ಣು ಬಿಟ್ಕೊಂಡಿರೋದು." ದೊಡ್ಡಪ್ಪನ ಧ್ವನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಇಷ್ಟು ವರ್ಷ ಪಾಪ, ಈ ಗಟ್ಟಿ ನೆಲ ತೂರ್ಕೊಂಡು ಹೇಗೆ ಹೋಗಿ ಬರ್ತಿದ್ದೆಯೋ ಏನೋ. ಒಂದು ದಿನ ಆದ್ರೂ ಸೊಂಟ ನೋವು ಅಂದಿದ್ದೀಯಾ?"

ಚಿಕ್ಕಮ್ಮನಿಗಂತೂ ಈ ಮಾತಿಗೆ ಎದುರಾಡುವ ಅಗತ್ಯವೇ ಕಾಣಲಿಲ್ಲ. ಅಜ್ಜಿ ನೆಲದ ಕೆಳಗೆ ಹಾರುವುದಾದರೆ ಚಾವಣಿ ಹತ್ತೇ ಅಡಿಗೆ ಬರಬಹುದು. ಮೇಲಿನ ಕೋಣೆ ಇನ್ನಷ್ಟು ಎತ್ತರವಾಗುತ್ತದೆ.

ಬುಧವಾರ ಮೇಸ್ತ್ರಿ ಮಂಚದಿಂದ ಮೂರು ಅಡಿ ದೂರದಲ್ಲಿ ಐದು ಅಡಿ ಆಳದ ಗುಂಡಿ ತೋಡಿದ. ಅಜ್ಜಿಗೆ ತಗುಲದಿರಲೆಂದು ಅಂಚುಗಳನ್ನು ನುಣ್ಣಗೆ ಸವರಿದ.

"ಚಾವಣಿ ಹಾಕೋಕೆ ಅಂತ ಕರೆದು ಬಾವಿ ತೋಡಿಸಿದ ಮನೆ ಇದೊಂದೇ ಯಜಮಾನ್ರೇ" ಎಂದ ಗುಂಡಿಯೊಳಗಿನಿಂದ. "ನನಗೇನು, ನಂಬರ್ ಕೊಟ್ಟಿದ್ದೀರಿ, ತೋಡಿದ್ದೀನಿ. ನೀರು ಬಂದ್ರೆ ಮಾತ್ರ ನನ್ನನ್ನ ಕೇಳ್ಬೇಡಿ."

ಅಜ್ಜಿ ಮಂಚದಿಂದಲೇ ಬಗ್ಗಿ ನೋಡಿದರು.

"ಇದು ಯಾರಿಗೋ?"

"ನಿನಗೇ ಅಮ್ಮ."

"ಇಷ್ಟು ಬೇಗನಾ?"

ಆ ಸಂಜೆ ಕೆಟಲ್ಲು ಶಿಳ್ಳೆ ಹಾಕಿತು. ಅಜ್ಜಿ ಹಾರಿದರು, ನಾವು ಕಣ್ಣು ಮುಚ್ಚಿದೆವು. ಕಣ್ಣು ತೆರೆದಾಗ ಅವರು ಎಂದಿನಂತೆ ಸ್ಟೂಲಿನ ಮೇಲಿದ್ದರು. "ನೋಡಿದ್ರಾ? ಎಲ್ಲೂ ತಗುಲಲಿಲ್ಲ! ಗುಂಡಿ ಎಷ್ಟು ಅನುಕೂಲ ಆಯ್ತು!" ಎಂದು ದೊಡ್ಡಪ್ಪ ಸಂತೋಷಪಟ್ಟರು. ಅಜ್ಜಿ ಮಾತ್ರ ಚಹಾ ಮುಗಿಸಿ ಲೋಟವನ್ನು ಕುಕ್ಕಿದರು.

"ನನ್ನ ಸೀರೆಗೆ ಒಂದು ಚೂರು ಮಣ್ಣು ಹತ್ತಿಲ್ಲ. ನಿನ್ನ ಲೆಕ್ಕ ನನಗೆ ಒಪ್ಪಿಗೆ ಇಲ್ಲ ಕಣೋ. ಕಣ್ಣಿಗೆ ಕಾಣೋ ಹಾಗೆ ತೋರಿಸು."

ಕಣ್ಣಿಗೆ ಕಾಣುವ ಹಾಗೆ ತೋರಿಸಲು ದೊಡ್ಡಪ್ಪ ಆರಿಸಿಕೊಂಡದ್ದು ಸ್ಟೂಲುಗಳನ್ನು. ಗೋದಾಮಿನ ಕಾಲದಿಂದ ಉಳಿದಿದ್ದ ಇಪ್ಪತ್ತೆರಡು ಸ್ಟೂಲುಗಳು, ಅಡುಗೆಮನೆಯ ಬಾಗಿಲಿನದೂ ಸೇರಿ, ಹಾಲಿನಲ್ಲಿದ್ದವು. ಗುರುವಾರ ಬೆಳಿಗ್ಗೆ ಅವರು ಅಜ್ಜಿಯ ಎದುರು ನಿಂತು, ಮನೆಯನ್ನೇ ಸೂತ್ರವೆಂದು ಘೋಷಿಸಿದರು. ಹಾಲು ಆವರಣದ ಹೊರಭಾಗ. ರಸ್ತೆ ಬದಿಯ ಚಿಕ್ಕ ಕೋಣೆಯೇ ಆವರಣ. ಮುಂದೆ ಮೈನಸ್ ಇರಬೇಕೆಂದು ನಾನು ನೆನಪಿಸಿದ್ದಕ್ಕೆ, ಆ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಒಂದು ಗೀಟನ್ನೂ ಎಳೆದರು. "ಸಮಾಧಾನ ಆಯ್ತಾ?" ಎಂದರು. ಬಳಿಕ ಒಂಬತ್ತು ಸ್ಟೂಲುಗಳನ್ನು ಹಾಲಿನಿಂದ ಹೊತ್ತು ಕೋಣೆಯೊಳಗೆ ಇಟ್ಟರು. ನಿಯಮದ ಪ್ರಕಾರ ಇನ್ನೊಂಬತ್ತನ್ನು ಹೊತ್ತು ರಸ್ತೆಗೆ ಇಟ್ಟರು. ಬೆವರು ಒರೆಸಿಕೊಂಡು, "ಒಂಬತ್ತು ಒಳಗೆ, ಒಂಬತ್ತು ಹೊರಗೆ. ಲೆಕ್ಕ ಸರಿಯಾಯ್ತು ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟ ಮಾಡಿ ಮಲಗಿದರು.

ಮಧ್ಯಾಹ್ನ ಹಳೆ ಸಾಮಾನಿನವನು ಬಂದು ಹೋದ. ಸಂಜೆ ಮೇಸ್ತ್ರಿ ಹಲಗೆಗಳನ್ನು ಇಳಿಸಿ, ಹತ್ತು ಅಡಿಗೆ ಗುರುತು ಹಾಕಲು ಗೋಡೆಗೆ ಏಣಿ ಆನಿಸಿದ. ಅಷ್ಟರಲ್ಲಿ ಕೆಟಲ್ಲು ಶಿಳ್ಳೆ ಹಾಕಿತು.

ಅಜ್ಜಿ ಹಾರಿದರು. ನೆತ್ತಿ ಗಡಿಯಾರವನ್ನು ದಾಟಿತು. ಎಲ್ಲರೂ ಕಣ್ಣು ಮುಚ್ಚಿದೆವು. ಮುಚ್ಚುವ ಮೊದಲಿನ ಕೊನೆಯ ಕ್ಷಣದಲ್ಲಿ ಚಿಕ್ಕಮ್ಮನ ದೃಷ್ಟಿ ಅಡುಗೆಮನೆಯ ಬಾಗಿಲಿನ ಕಡೆಗೆ ಹೋಗಿರಬೇಕು.

"ಅತ್ತೆ! ಸ್ಟೂಲ್ ಇಲ್ಲ!"

ಅಜ್ಜಿ ಇಳಿಯಲಿಲ್ಲ. ಸದ್ದೂ ಇಲ್ಲ, ಗಾಳಿಯೂ ಇಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಗುಂಡಿಯ ಕಡೆ ತಡವುತ್ತಾ ಹೋಗಿ, ಅದರೊಳಗೆ ಬಗ್ಗಿ, "ಅಮ್ಮಾ?" ಎಂದು ಕರೆದರು.

"ಇಲ್ಲಿ ಕಣೋ! ಮೇಲೆ!" ತಗಡಿನ ಮಾಡಿನ ಕಡೆಯಿಂದ ಧ್ವನಿ ಬಂತು. "ಸ್ಟೂಲ್ ಬರೋ ತನಕ ನಾನು ಇಳಿಯಲ್ಲ. ಯಾರೂ ಕಣ್ಣು ಬಿಡಬೇಡಿ. ಎಲ್ಲಿ ಹೋಯ್ತು ನನ್ನ ಸ್ಟೂಲು?"

"ಒಂಬತ್ತು ಆ ರೂಮಲ್ಲಿದೆ ಅಮ್ಮ" ಎಂದರು ದೊಡ್ಡಪ್ಪ.

"ಆ ರೂಮಲ್ಲಿ ಏನಿರುತ್ತೆ ಭಾವ?" ಚಿಕ್ಕಮ್ಮನ ಧ್ವನಿ ಏರಿತು. "ಅಲ್ಲಿ ಇಟ್ಟದ್ದು ಮನೆಯಿಂದ ಕಳೆದ ಹಾಗೆ ಅಂತ ರೂಲ್ ಮಾಡಿದ್ದು ಯಾರು? ಒಂಬತ್ತು ಅಲ್ಲಿಂದ ಹೋಯ್ತು, ಒಂಬತ್ತು ರಸ್ತೆಯಿಂದ ಹೋಯ್ತು. ಇಪ್ಪತ್ತೆರಡಿತ್ತು, ಈಗ ನಾಲ್ಕಿದೆ. ಆ ನಾಲ್ಕರ ಮೇಲೂ ಮೇಸ್ತ್ರಿ ಹಲಗೆ ಪೇರಿಸಿದ್ದಾರೆ. ಒಳಗೆ ಬಂದದ್ದು ಯಾವುದು, ಸ್ವಲ್ಪ ತೋರಿಸಿ!"

"ಒಂಬತ್ತು ಆವರಣದ ಒಳಗೆ..." ಎಂದು ಆರಂಭಿಸಿದ ದೊಡ್ಡಪ್ಪ ಅಲ್ಲಿಯೇ ನಿಂತರು. "ಕಳೆಯೋ ಕೋಣೆ ಒಳಗೆ ಇಟ್ಟೆ. ಅಂದ್ರೆ ಇಟ್ಟಾಗಲೇ ಒಂಬತ್ತು ಕಳೆದುಹೋಯ್ತು. ಸರಿದೂಗಿಸೋಕೆ ಹೊರಗಿನಿಂದ ಒಂಬತ್ತು ಹಾಲಿಗೆ ತರಬೇಕಿತ್ತು. ನಾನು ಇನ್ನೂ ಒಂಬತ್ತು ತೆಗೆದೆ." ಅವರು ಉಸಿರು ಬಿಟ್ಟರು. "ಆ ಮೈನಸ್ಸು ಸುಮ್ಮನೆ ಕೂತಿರಲಿಲ್ಲ ಕಣಮ್ಮ."

ಇದನ್ನು ಅವರು ಹೇಳಿದ್ದು ನನಗೆ. ಆಮೇಲೆ ಅಡುಗೆಮನೆಯ ಬಾಗಿಲನ್ನು ತಡವಿ, ಕಣ್ಣು ಮುಚ್ಚಿಕೊಂಡೇ ಬರೆಯುತ್ತಾ, ಬರೆದದ್ದನ್ನು ಜೋರಾಗಿ ಹೇಳಿದರು: ಒಂಬತ್ತು ಕಳೆಯುವ ಬದಲು ಒಂಬತ್ತು ಕೂಡಬೇಕು, ನಾಲ್ಕಕ್ಕೆ ಒಂಬತ್ತು ಸೇರಿ ಹದಿಮೂರು.

"ಹದಿಮೂರು! ಹದಿಮೂರೂವರೆಗಿಂತ ಕಡಿಮೆ! ಅಮ್ಮ ಹಾರಬಹುದು!"

"ಒಂದು ನಿಮಿಷ" ಎಂದ ಮೇಸ್ತ್ರಿ. "ಮಂಗಳವಾರ ಮೈನಸ್ ಐದು ಅಂದ್ರಿ, ನಾನು ತೋಡಿದೆ. ಇವತ್ತು ಹದಿಮೂರು. ನಾಳೆ ಇನ್ನೆಷ್ಟೋ! ನನಗೆ ಟೇಪಿನ ನಂಬರ್ ಬೇಕು. ಅಜ್ಜಿ ಹೇಗೂ ಮೇಲೇ ಇದ್ದಾರಲ್ಲ. ಅಜ್ಜಿ, ಟೇಪ್ ಎಸೀತೀನಿ, ಹಿಡ್ಕೊಳ್ತೀರಾ?"

"ಎಸಿ. ಕಣ್ಣು ಮುಚ್ಕೊಂಡು ಎಸಿ."

ಅವನು ಎಸೆದ. ಅಜ್ಜಿ ಹಿಡಿದರು. ಟೇಪಿನ ತುದಿ ಕೆಳಗಿಳಿದು ಎಲ್ಲೋ ತಾಗಿದ ಸದ್ದು ಕೇಳಿಸಿತು. ಅಜ್ಜಿ ಅದನ್ನು ನೆತ್ತಿಯ ಮಟ್ಟಕ್ಕೆ ಹಿಡಿದು ಓದಿದರು.

"ಹದಿನೆಂಟು."



"ಸರಿಯಾಗಿ ನೋಡು ಅಮ್ಮ."

"ಮೊದಲ ಸಲ ಕಣ್ಣು ಬಿಟ್ಕೊಂಡು ನೋಡ್ತಿದ್ದೀನಿ. ಹದಿನೆಂಟೇ."

"ಹಾಗಾದ್ರೆ ಆಗಲ್ಲ ಅಜ್ಜಿ" ಎಂದ ಮೇಸ್ತ್ರಿ. ಅವನ ಧ್ವನಿಯಲ್ಲಿಯೂ ಗೆಲುವಿರಲಿಲ್ಲ. "ಹದಿನೆಂಟಕ್ಕೆ ಹಾಕಿದ್ರೆ ಮೇಲೆ ಇಲಿ ಕೂಡ ನಿಲ್ಲೋಕಾಗಲ್ಲ. ಹತ್ತಕ್ಕೇ ಹೊಡೀತೀನಿ. ನಾಳೆಯಿಂದ ನಿಧಾನಕ್ಕೆ ನಡೆಯೋದು ಅಭ್ಯಾಸ ಮಾಡ್ಕೊಳ್ಳಿ."

ಮೇಲಿನಿಂದ ಅಜ್ಜಿ, ಬಹಳ ಸಣ್ಣದಾಗಿ, "ಯಾವ ಕಾಲು ಮೊದಲು ಇಡ್ತಾರೆ, ಪುಟ್ಟಿ?" ಎಂದು ಕೇಳಿದರು.

ನಾನು ಮೊಣಕಾಲೂರಿ, ನೆಲವನ್ನು ತಡವುತ್ತಾ ಟೇಪಿನ ಕಡೆಗೆ ಹೋದೆ. ಅದು ಕೈಗೆ ಸಿಕ್ಕಿತು. ಅದರ ಗುಂಟ ಕೈಯನ್ನು ಕೆಳಗಿಳಿಸುತ್ತಾ ಹೋದರೆ ತುದಿ ಸಿಗಲಿಲ್ಲ. ನೆಲದ ಮಟ್ಟಕ್ಕೆ ಬಂದರೂ ಟೇಪು ನಿಂತಿರಲಿಲ್ಲ. ನುಣ್ಣಗೆ ಸವರಿದ ಅಂಚನ್ನು ದಾಟಿ, ಕೆಳಗಿಳಿದು, ಗುಂಡಿಯ ತಳದಲ್ಲಿ ನಿಂತಿತ್ತು. ಅಜ್ಜಿ ನೇರವಾಗಿ ಗುಂಡಿಯ ಮೇಲೆಯೇ ಇದ್ದರು.

"ಮೇಸ್ತ್ರಿ, ಗುಂಡಿ ಎಷ್ಟು ಆಳ ತೋಡಿದ್ರಿ?"

"ಯಜಮಾನ್ರು ಹೇಳಿದಷ್ಟು. ಐದು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ."

"ಹಾಗಾದ್ರೆ ಹದಿನೆಂಟರಲ್ಲಿ ಐದು ಕಳೀರಿ."

ಮೇಸ್ತ್ರಿ ಬೆರಳು ಮಡಚುವುದು ಕೇಳಿಸಿತು. ದೊಡ್ಡಪ್ಪನಿಗೆ ಬೆರಳು ಬೇಕಾಗಲಿಲ್ಲ. "ನನ್ನ ತಪ್ಪು ಉತ್ತರದಿಂದ ಸರಿ ಉತ್ತರದ ತನಕ ಅಳೆದಿದ್ದೀವಲ್ಲೋ!" ಎಂದು ಕೂಗಿದರು.

ಅಷ್ಟರಲ್ಲಿ ಚಿಕ್ಕಮ್ಮ ರಸ್ತೆಯ ತುದಿಯ ತನಕ ಓಡಿ, ಅಲ್ಲಿ ಇನ್ನೂ ನಿಂತಿದ್ದ ಹಳೆ ಸಾಮಾನಿನವನ ಗಾಡಿಯಿಂದ ಒಂದು ಸ್ಟೂಲನ್ನು ಇಳಿಸಿಕೊಂಡು ಬಂದಿದ್ದರು. ಒಂದು ಒಳಗೆ ಬಂದದ್ದರಿಂದ, ಬದಲಿಗೆ ದೊಡ್ಡಪ್ಪನ ಆರಾಮಕುರ್ಚಿಯನ್ನು ಗಾಡಿಗೆ ಏರಿಸಿದರು. ನಿಯಮ ಅವರದೇ ಆದ್ದರಿಂದ ದೊಡ್ಡಪ್ಪ ಏನೂ ಹೇಳುವಂತಿರಲಿಲ್ಲ. ಸ್ಟೂಲು ಬಾಗಿಲಲ್ಲಿ ಕೂತ ಸದ್ದಾಯಿತು. ತುಸು ಗಾಳಿ ಎದ್ದಿತು. ಒಂದು ಅಂಗಿಯ ತೋಳು ನನ್ನ ಮುಖದ ಮೇಲೆ ಬಂದು ಬಿದ್ದಿತು.

"ಚಹಾ ಆರಿಹೋಗಿದೆ" ಎಂದರು ಅಜ್ಜಿ, ಸ್ಟೂಲಿನ ಮೇಲಿನಿಂದ.

ನಾವು ಕಣ್ಣು ತೆರೆದೆವು. ಮೇಸ್ತ್ರಿ ಏಣಿಯನ್ನು ಇನ್ನೂ ಮೂರೂವರೆ ಅಡಿ ಮೇಲಕ್ಕೆ ಚಾಚಿದ. ನಾನು ಬಾಗಿಲನ್ನು ಒರೆಸಿ ಕೊನೆಯ ರೂಪವನ್ನು ಬರೆದೆ:

ಎತ್ತರ = −(ದೂರ − 3)² + 13

ಅಜ್ಜಿಯ ಹಾರಾಟದ ಶೃಂಗವು ಮಂಚದಿಂದ ಮೂರು ಅಡಿ ದೂರದಲ್ಲಿ, ನೆಲದಿಂದ ಹದಿಮೂರು ಅಡಿ ಎತ್ತರದಲ್ಲಿದೆ.